ಇಪ್ಪತ್ತೊಂದು ಪತ್ರೆಯ ಸೈಟು

‘ಕ್ಲೀನ್’ ಎಂಬ ಮಾತು ಕಿವಿಗೆ ಬಿದ್ದರೆ ಈಗ ನನಗೆ ಮೈ ಉರಿಯುತ್ತದೆ. ಅಡುಗೆಮನೆ ಕ್ಲೀನ್ ಮಾಡಲಿ, ಬೇಡವೆನ್ನುವುದಿಲ್ಲ. ಪಾತ್ರೆ ತೊಳೆಯಲಿ, ನೆಲ ಒರೆಸಲಿ. ಆದರೆ ಮದ್ರಾಸಿನ ಬೆಸೆಂಟ್ ನಗರದ ನಮ್ಮ ಅಪಾರ್ಟ್‌ಮೆಂಟಿನವರು ಪಕ್ಕದ ಸೈಟನ್ನು ಕ್ಲೀನ್ ಮಾಡಿದರಲ್ಲ, ಅದಕ್ಕೆ ನಾನೂ ಕೈಜೋಡಿಸಿದೆನಲ್ಲ, ಅದು ನೆನಪಾದಾಗ ಮೊದಲು ನನ್ನ ಮೇಲೆ ಸಿಟ್ಟು ಬರುತ್ತದೆ. ಆಮೇಲೆ ಸಾಲಾಗಿ ಎಲ್ಲರ ಮೇಲೂ ಬರುತ್ತದೆ.

ನಾನು ಈ ಊರಿನ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏನೂ ತಿಳಿಯದವರು ಮಾಡುವ ತಪ್ಪಿಗೆ ಕ್ಷಮೆ ಉಂಟು, ನನ್ನದು ಆ ಲೆಕ್ಕಕ್ಕೆ ಬರುವುದಿಲ್ಲ.

ಹುಟ್ಟಿದ್ದು ಮೈಸೂರಿನಲ್ಲಿ, ಮದುವೆಯಾಗಿ ಇಲ್ಲಿಗೆ ಬಂದೆ. ಗಂಡನ ಮನೆಯವರು ಮೂರು ತಲೆಮಾರಿನಿಂದ ಮದ್ರಾಸಿನವರು. ಮಾವ ರೈಲ್ವೆಯಲ್ಲಿದ್ದು ತೀರಿಕೊಂಡರು. ಅತ್ತೆಗೆ ಈಗ ಎಂಬತ್ತನಾಲ್ಕು. ಅವರ ಕನ್ನಡದಲ್ಲಿ ಮೂರಕ್ಕೊಂದು ಮಾತು ತಮಿಳು, ಆದರೆ ಹಬ್ಬ ಮಾತ್ರ ಅಚ್ಚ ಮೈಸೂರಿನ ಕಡೆಯದೇ ಆಗಬೇಕು. ಅದರಲ್ಲೂ ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಪತ್ರೆ ಏರಿಸುವುದರಲ್ಲಿ ಅವರದು ಬಲು ಕಟ್ಟುನಿಟ್ಟು. ಮಾರ್ಕೆಟಿನಲ್ಲಿ ಇಪ್ಪತ್ತೊಂದು ಬಗೆ ಎಂದು ಮಾರುವ ಕಟ್ಟನ್ನು ಅವರು ಮುಟ್ಟುವುದಿಲ್ಲ. ಒಂದೇ ಮಾವಿನೆಲೆಯನ್ನು ನಾಲ್ಕು ಥರ ಹರಿದು ನಾಲ್ಕು ಹೆಸರು ಹೇಳುತ್ತಾರೆ ಎಂದು ಅವರ ದೂರು. ಪತ್ರೆಯನ್ನು ಗಿಡ ನೋಡಿ ಕೈಯಾರೆ ಕೊಯ್ದು ತರಬೇಕು. ಸಿಗದೇ ಹೋದ ಪತ್ರೆಯ ಹೆಸರು ಬಂದಾಗ ಅಕ್ಷತೆ ಹಾಕಿ ಕೈಮುಗಿಯಬೇಕು. ಎಷ್ಟು ಸಲ ಅಕ್ಷತೆ ಬಿತ್ತು ಎನ್ನುವುದರ ಮೇಲೆ ಅತ್ತೆಗೆ ಆ ವರ್ಷದ ಹಬ್ಬ ಚೆನ್ನಾಯಿತೋ ಇಲ್ಲವೋ ತೀರ್ಮಾನವಾಗುತ್ತಿತ್ತು.

ಈ ಫ್ಲಾಟಿಗೆ ನಾವು ಬಂದ ವರ್ಷವೇ ಪಕ್ಕದ ಹಳೇ ಬಂಗಲೆ ಕೆಡವಿದರು. ನಾಲ್ಕು ಗ್ರೌಂಡು ಜಾಗ, ಅಂದರೆ ನಮ್ಮ ಮೈಸೂರಿನ ಲೆಕ್ಕದಲ್ಲಿ ನಾಲ್ಕು ದೊಡ್ಡ ಸೈಟು. ಇಟ್ಟಿಗೆ ಚೂರು, ಸುಣ್ಣ, ಅದರ ಕೆಳಗೆ ಸಮುದ್ರದ ಮರಳು. ಯಾರೋ ಕಟ್ಟುತ್ತಾರೆ ಎಂದುಕೊಂಡೆವು, ಯಾರೂ ಕಟ್ಟಲಿಲ್ಲ. ಇಪ್ಪತ್ತೆರಡು ವರ್ಷ ಅದು ಹಾಗೆಯೇ ಇತ್ತು. ‘ಹಾಗೆಯೇ ಇತ್ತು’ ಎಂದು ಎಷ್ಟು ಸುಲಭವಾಗಿ ಬರೆದುಬಿಟ್ಟೆ ನೋಡಿ. ಒಂದು ದಿನವೂ ಅದು ಹಾಗೆಯೇ ಇರಲಿಲ್ಲ.

ಮೊದಲ ವರ್ಷ ಅತ್ತೆ ಆ ಸೈಟಿನಿಂದ ತಂದದ್ದು ಎರಡೇ: ಗರಿಕೆ, ಎಕ್ಕ. ಇಟ್ಟಿಗೆ ರಾಶಿಯ ಸಂದಿಯಲ್ಲಿ ಎಕ್ಕ ತಾನಾಗಿ ಎದ್ದಿತ್ತು. ಬಿಸಿಲಿಗೆ ಹೆದರದ, ನೀರು ಕೇಳದ ಮೊಂಡು ಗಿಡ ಅದು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಉಮ್ಮತ್ತಿ ಬಂತು, ಉತ್ತರಾಣಿ ಬಂತು, ನೆಲಕ್ಕಂಟಿದ ವಿಷ್ಣುಕ್ರಾಂತಿಯ ನೀಲಿ ಹೂವು ಬಂತು. ಉತ್ತರಾಣಿಯ ಕಾಳು ಅತ್ತೆಯ ಸೀರೆಯ ಅಂಚಿಗೆ ಅಂಟಿಕೊಂಡು ಮನೆಯೊಳಕ್ಕೂ ಬರುತ್ತಿತ್ತು. ಆಮೇಲೆ ಮುಳ್ಳಿನ ಕಾಲ. ಗುಳ್ಳ, ಅದರ ಹಿಂದೆ ಎಲಚಿ, ಅದರ ಪಕ್ಕದಲ್ಲಿ ಆಳೆತ್ತರ ಲಕ್ಕಿ. ಅತ್ತೆ ಕೈಯೆಲ್ಲ ತರಚಿಸಿಕೊಂಡು ಬಂದು, ತಟ್ಟೆಯಲ್ಲಿ ಎಲೆಗಳನ್ನು ಬೇರೆ ಬೇರೆ ಜೋಡಿಸಿ, “ಈ ವರ್ಷ ಹನ್ನೊಂದು ಸಿಕ್ತು ನೋಡು. ಮಿಚ್ಚ ಹತ್ತು ಉಳೀತಲ್ಲ, ಅದಕ್ಕೆ ತಾನೇ ಅಕ್ಷತೆ” ಎಂದು ಹಿಗ್ಗುತ್ತಿದ್ದರು. ಕಾಗೆ ತಿಂದು ಹಾಕಿದ ಬೀಜದಿಂದ ಬೇವು, ಅರಳಿ ಹುಟ್ಟಿದವು. ಪಿಕಳಾರ ಕೂತು ಕೂಗಿತು. ಕೆಂಬೂತ ಪೊದೆಯಿಂದ ಪೊದೆಗೆ ನಡೆದುಕೊಂಡು ಹೋಗುವುದು ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು.

ಆ ಕಿಟಕಿಯ ಮುಂದೆ ನಿಂತು ನಾನು ಒಗ್ಗರಣೆ ಹಾಕುತ್ತಿದ್ದೆ, ಒಂಬತ್ತಕ್ಕೆ ಶಾಲೆಗೆ ಓಡುತ್ತಿದ್ದೆ. ಅಲ್ಲಿ ಹನ್ನೆರಡನೆಯ ತರಗತಿಗೆ ಕಲಿಸುತ್ತಿದ್ದ ಪಾಠ ಏನು ಗೊತ್ತೆ? ಬರಿಗಲ್ಲಿನ ಮೇಲೆ ಮೊದಲು ಕಲ್ಲುಹೂವು, ಆಮೇಲೆ ಪಾಚಿ, ಆಮೇಲೆ ಹುಲ್ಲು, ಪೊದೆ, ಕೊನೆಗೆ ಮರ. ಒಂದು ಇನ್ನೊಂದಕ್ಕೆ ನೆಲ ಹದಮಾಡಿಕೊಟ್ಟು ತಾನು ಸರಿಯುತ್ತದೆ. ಬೋರ್ಡಿನ ಎಡತುದಿಯಿಂದ ಬಲತುದಿಗೆ ಬಾಣ ಎಳೆದು, ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸಿದೆ. ಐದು ಅಂಕದ ಪ್ರಶ್ನೆ, ಖಂಡಿತ ಬರುತ್ತದೆ, ಬಾಯಿಪಾಠ ಮಾಡಿ ಎಂದೆ. ಪಾಠ ಮುಗಿಸಿ ಮನೆಗೆ ಬಂದು ಅದೇ ಕಿಟಕಿಯ ಮುಂದೆ ಕಾಫಿ ಕುಡಿದೆ. ಬೋರ್ಡಿನ ಮೇಲಿದ್ದದ್ದು ಕಿಟಕಿಯ ಆಚೆ ಇದೆ ಎಂದು ಒಂದು ದಿನ, ಒಂದೇ ಒಂದು ದಿನ, ಹೊಳೆಯಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ದೊಡ್ಡವರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಒಂದು ಗಣೇಶನ ಹಬ್ಬಕ್ಕೆ ಅತ್ತೆ ಮುಖ ಸಣ್ಣ ಮಾಡಿಕೊಂಡು ವಾಪಸು ಬಂದರು. ಬುಟ್ಟಿಯಲ್ಲಿ ಬೇರೆಲ್ಲ ಇತ್ತು, ಎಕ್ಕ ಇರಲಿಲ್ಲ.

“ಒಂದು ಗಿಡಾನೂ ಇಲ್ಲಮ್ಮ. ಏನು ಕಾಡು ಬೆಳೆದುಬಿಟ್ಟಿದೆ, ಒಳಗೆ ಬಿಸಿಲೇ ಬೀಳಲ್ಲ. ಗಣೇಶಂಗೆ ಎಕ್ಕ ಇಲ್ದೆ ಎಪ್ಪಡಿ, ಹೇಗಾಗತ್ತೆ? ಯಾರಾದ್ರೂ ಕ್ಲೀನ್ ಮಾಡಿಸ್ಬಾರದಾ?”

ಎಕ್ಕ ಏಕೆ ಹೋಯಿತು ಎಂದು ನನ್ನ ಶಿಷ್ಯರನ್ನು ಕೇಳಿದ್ದರೆ ಹೇಳುತ್ತಿದ್ದರು. ಬಿಸಿಲು ಬೇಡುವ ಗಿಡ, ಮೇಲೆ ನೆರಳಾಯಿತು, ಅದರ ಸರದಿ ಮುಗಿಯಿತು. ನಾನು ಮಾತ್ರ “ಹೌದು, ತುಂಬಾ ಗಲೀಜಾಗಿದೆ” ಎಂದೆ.

ಅದಾದ ಹದಿನೈದು ದಿನಕ್ಕೆ ನಮ್ಮ ಪಾರ್ಕಿಂಗಿನಲ್ಲಿ ಒಂದು ಸ್ಕೂಟರಿನ ಕೆಳಗೆ ಕೇರೆ ಹಾವು ಕಾಣಿಸಿಕೊಂಡಿತು. ಕೇರೆ ಯಾರನ್ನೂ ಕೊಲ್ಲುವುದಿಲ್ಲ, ಇಲಿ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಹಾವು ಎಂದರೆ ಹಾವೇ. ಮಾರನೆಯ ಸಂಜೆ ಅಸೋಸಿಯೇಷನ್ ಸೆಕ್ರೆಟರಿ, ಪಕ್ಕದ ಸೈಟು ಕ್ಲೀನ್ ಮಾಡಿಸಬೇಕೆಂಬ ಒಂದು ಮನವಿ ಹಿಡಿದು ಮನೆಗೆ ಬಂದರು. ನಿವೃತ್ತ ಎಂಜಿನಿಯರು, ತಮಿಳರು, ನಿಜಕ್ಕೂ ಒಳ್ಳೆಯ ಮನುಷ್ಯ. ಲಿಫ್ಟು ಕೆಟ್ಟರೆ ಊಟ ಬಿಟ್ಟು ಎದ್ದು ಬರುವವರು. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

“ಟೀಚರ್, ನೀಂಗ ಒರು ಲೈನ್ ಎಳುದಿನಾ ಪೋದುಂ” ಎಂದರು. ನಾನು ಒಂದು ಸಾಲು ಬರೆದರೆ ಸಾಕಂತೆ. ಮರ ಕಡಿದರು ಎಂದು ಆಮೇಲೆ ಯಾರೂ ತಕರಾರು ಎತ್ತಬಾರದು, ವಿಷಯ ತಿಳಿದವರು ಬರೆದರೆ ತೂಕ ಬರುತ್ತದಂತೆ.

ತೂಕ ಎಂದರೆ ಸಾಕು, ನಾವು ಮೇಷ್ಟರು ಉಬ್ಬಿಹೋಗುತ್ತೇವೆ. ಅತ್ತೆಯ ಎಕ್ಕವೂ ಮನಸ್ಸಿನಲ್ಲಿತ್ತು. ಕೂತಲ್ಲಿಂದ ಏಳದೆ, ಕಿಟಕಿಯ ಕಡೆ ತಿರುಗಿಯೂ ನೋಡದೆ, ದುಂಡಗಿನ ಅಕ್ಷರದಲ್ಲಿ ಬರೆದೆ: ‘ಈ ಜಾಗದಲ್ಲಿ ಇರುವುದು ಕಳೆಗಿಡಗಳು ಮಾತ್ರ. ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲ.’ ಕೆಳಗೆ ಸಹಿ, ಸಹಿಯ ಕೆಳಗೆ ನಿವೃತ್ತ ಜೀವಶಾಸ್ತ್ರ ಅಧ್ಯಾಪಕಿ.

ಒಂದು ಬೆಳಿಗ್ಗೆ ಜೆಸಿಬಿ ಬಂತು. ಒಪ್ಪಿಗೆ ಸಿಕ್ಕಿದೆ ಎಂದರು, ಯಾರದೆಂದು ನಾನು ಕೇಳಲಿಲ್ಲ. ಇಪ್ಪತ್ತೆರಡು ವರ್ಷ ಬೆಳೆದದ್ದಕ್ಕೆ ಅದು ಒಂದು ಹೊತ್ತು ತೆಗೆದುಕೊಂಡಿತು. ಲಕ್ಕಿಯನ್ನು ಬೇರು ಸಮೇತ ಎತ್ತಿ ಮಗುಚಿದಾಗ ಘಾಟು ವಾಸನೆ ಮೂರನೆಯ ಮಹಡಿಯವರೆಗೂ ಬಂತು. ಮುಂಗುಸಿಯೊಂದು ಮರಿಗಳನ್ನು ಹಿಂದೆ ಹಾಕಿಕೊಂಡು ಕಾಂಪೌಂಡಿನ ಉದ್ದಕ್ಕೂ ಓಡಿತು, ಆ ತುದಿಯಲ್ಲಿ ದಾರಿ ಇಲ್ಲದೆ ಈ ತುದಿಗೆ ಓಡಿತು. ಪಿಕಳಾರಗಳು ಯಂತ್ರದ ತಲೆಯ ಮೇಲೆಯೇ ಸುತ್ತು ಹೊಡೆದು ಕಿರುಚಿದವು. ಬಾಲ್ಕನಿಗಳಲ್ಲಿ ಜನ ನಿಂತು ಫೋನಿನಲ್ಲಿ ವಿಡಿಯೋ ತೆಗೆದರು. ಆಗಲೂ ನಾನು ಬೇಡ ಎನ್ನಲಿಲ್ಲ. ಒಳಗೆ ಹೋಗಿ ಟಿವಿ ಹಾಕಿದೆ.

ನಿಲ್ಲಿಸಿದವರು ಬೇರೆಯವರು. ಮಧ್ಯಾಹ್ನ ಒಂದು ಕಾರು ಬಂದು ನಿಂತಿತು. ಇಳಿದವರು ಆ ಜಾಗದ ಇಬ್ಬರು ವಾರಸುದಾರರಲ್ಲಿ ಚಿಕ್ಕವರು. ಅಣ್ಣತಮ್ಮಂದಿರ ನಡುವೆ ಪಾಲಿನ ಮೊಕದ್ದಮೆ ನಡೆದಿದೆ ಎಂದು ನಮಗೆಲ್ಲ ತಿಳಿದದ್ದೇ ಆಗ. ಅಣ್ಣನೊಬ್ಬನ ಒಪ್ಪಿಗೆ ಸಾಲದು, ತನ್ನ ಸಹಿಯಿಲ್ಲದೆ ಒಂದು ಕಡ್ಡಿ ಅಲ್ಲಾಡಿಸಿದರೂ ಕೋರ್ಟಿಗೆ ಎಳೆಯುತ್ತೇನೆ ಎಂದು ಕೂಗಾಡಿದರು. ಜೆಸಿಬಿ ಕೈ ಮೇಲೆತ್ತಿಕೊಂಡೇ ಹೊರಟುಹೋಯಿತು. ಅರ್ಧ ಜಾಗ ಅಂಗೈಯಂತೆ ಬೋಳು, ಇನ್ನರ್ಧ ಹಾಗೆಯೇ ಉಳಿಯಿತು. ಆ ತಮ್ಮನಿಗೆ ಗಿಡಮರದ ಮೇಲೆ ಎಳ್ಳಷ್ಟೂ ಪ್ರೀತಿ ಇರಲಿಲ್ಲ, ಅಣ್ಣನ ಮೇಲೆ ದ್ವೇಷವಿತ್ತು, ಅಷ್ಟೆ.

ಅವತ್ತು ಸಂಜೆ ನಾನು ಕೆಳಗಿಳಿದು ಹೋದೆ. ಬೋಳಾದ ಕಡೆ ನೆಲದ ಬಿಸಿ ಚಪ್ಪಲಿ ದಾಟಿ ಕಾಲಿಗೆ ತಾಗುತ್ತಿತ್ತು. ನಾಲ್ಕು ಹೆಜ್ಜೆ ಆಚೆ, ಉಳಿದ ಪೊದೆಗಳ ಕೆಳಗೆ, ತಣ್ಣಗಿತ್ತು. ಬಗ್ಗಿ ಮಣ್ಣು ಮುಟ್ಟಿದೆ. ಕಪ್ಪಗೆ, ಒದ್ದೆಯಾಗಿ, ಬೆರಳಿಗೆ ಅಂಟುವ ಮಣ್ಣು. ಬೆಸೆಂಟ್ ನಗರದ ಈ ಮರಳಿನಲ್ಲಿ ಕಪ್ಪು ಮಣ್ಣು ಎಲ್ಲಿಂದ ಬಂತು? ಯಾರೂ ಲಾರಿಯಲ್ಲಿ ತಂದು ಸುರಿದಿರಲಿಲ್ಲ. ಇಪ್ಪತ್ತೆರಡು ವರ್ಷದ ಎಲೆ ಉದುರಿ, ಕೊಳೆತು, ಹುಳು ತಿಂದು ಆದದ್ದು. ಎಲಚಿಯ ಮುಳ್ಳಿನ ನಡುವಿನಿಂದ ಒಂದು ಬೇವು ನೆಟ್ಟಗೆ ಎದ್ದಿತ್ತು. ಈ ಬೀದಿಯ ಹಸುಗಳು ಏನನ್ನೂ ಬಿಡುವುದಿಲ್ಲ. ಮುಳ್ಳು ಕಾವಲಿದ್ದದ್ದರಿಂದ ಬೇವು ಉಳಿದಿತ್ತು. ಅದರ ಬುಡದಲ್ಲಿ ನೇರಳೆಯ ಸಸಿಗಳು, ಇನ್ನೂ ಯಾವುದೋ ಹೊಳಪಿನ ದಪ್ಪ ಎಲೆಯ ಸಸಿ, ನನಗೆ ಹೆಸರು ಗೊತ್ತಿಲ್ಲ. ಎಲ್ಲ ಒಳ್ಳೆಯದೇ ಬೆಳೆದಿತ್ತು ಎಂದು ಹೇಳಲಾರೆ. ಒಂದು ಮೂಲೆಯಲ್ಲಿ ಬಳ್ಳಾರಿ ಜಾಲಿ ಹಬ್ಬಿತ್ತು, ಅದನ್ನು ಕೀಳಬೇಕಿತ್ತು. ಒಂದು ಜಾಲಿ ಕೀಳುವುದಕ್ಕೆ ಯಾರಾದರೂ ಕಾಡೆಲ್ಲ ಬಗೆಯುತ್ತಾರೆಯೆ? ನಾವು ಬಗೆದೆವು.

ಬೋರ್ಡಿನ ಮೇಲೆ ಎಳೆದ ಬಾಣಗಳೆಲ್ಲ ಅಲ್ಲಿ ನೆಲದ ಮೇಲಿದ್ದವು. ಎಷ್ಟು ಬ್ಯಾಚಿನ ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಬರಬಹುದಿತ್ತು. ಬಸ್ಸಿನಲ್ಲಿ ಬಂದರೂ ಅರ್ಧ ಗಂಟೆ. ಕಳೆಗಿಡ ಮಾತ್ರ ಎಂದು ಬರೆದುಕೊಟ್ಟ ಕೈಯನ್ನು ಅಲ್ಲಿಯೇ ಆ ಮುಳ್ಳಿಗೆ ಉಜ್ಜಬೇಕು ಎನ್ನಿಸಿತು.

ಆಮೇಲಿನದು ಕೇಳಿ. ಐಪ್ಪಸಿ ಮಳೆ, ಅಂದರೆ ದೀಪಾವಳಿಯ ಹೊತ್ತಿನ ಈ ಊರಿನ ದೊಡ್ಡ ಮಳೆ, ಬಂತು. ಆ ಜಾಗ ಇಷ್ಟು ವರ್ಷ ಎಷ್ಟು ನೀರು ಕುಡಿಯುತ್ತಿತ್ತೆಂದು ಆಗ ತಿಳಿಯಿತು. ಜೆಸಿಬಿ ಓಡಾಡಿ ಗಟ್ಟಿಯಾದ ನೆಲದ ಮೇಲಿಂದ ನೀರು ಜಾರಿ, ಕಾಂಪೌಂಡಿನ ಸಂದಿಯಿಂದ ನುಗ್ಗಿ, ನಮ್ಮ ಪಾರ್ಕಿಂಗಿನಲ್ಲಿ ಮೊಣಕಾಲುದ್ದ ನಿಂತಿತು. ಲಿಫ್ಟು ಕೆಟ್ಟಿತು. ಸೆಕ್ರೆಟರಿ ಪ್ಯಾಂಟು ಮಡಚಿಕೊಂಡು ಪಂಪು ಹಚ್ಚಿಸಿದರು. ಯಾಕೆ ಹೀಗಾಯಿತು ಎಂದು ಯಾರೂ ಕೇಳಲಿಲ್ಲ, ಈ ಸಲ ಮಳೆ ಜಾಸ್ತಿ ಎಂದರು. ಪೊಂಗಲ್ ಮುಗಿದ ಮೇಲೆ ಅದೇ ಬೋಳು ಜಾಗದಲ್ಲಿ ವನಮಹೋತ್ಸವ ಮಾಡಿದರು. ಅಣ್ಣತಮ್ಮ ಇಬ್ಬರೂ, ಸಸಿ ತಾನೇ, ಕಟ್ಟಡವಲ್ಲವಲ್ಲ ಎಂದು ಸುಮ್ಮನಿದ್ದರಂತೆ. ಕಾಡು ಕಿತ್ತ ಜಾಗದಲ್ಲಿ ಕಾಡು ಬೆಳೆಸೋಣ ಎಂಬ ಬ್ಯಾನರು, ಹಸಿರು ಟೀ ಶರ್ಟು, ಸಾಲಾಗಿ ಗುಳಿ, ಗುಳಿಗೊಂದು ಸಸಿ, ಸಸಿಗೊಂದು ಹೆಸರಿನ ಫಲಕ. ಸಸಿಯ ಹೆಸರಲ್ಲ, ನೆಟ್ಟವರ ಹೆಸರು. ಮೇ ತಿಂಗಳ ಕತ್ತರಿ ಬಿಸಿಲಿನ ಹೊತ್ತಿಗೆ ಫಲಕಗಳು ಮಾತ್ರ ಉಳಿದಿದ್ದವು.

ಆ ಬೋಳು ನೆಲದಲ್ಲಿ ತಾನಾಗಿ ಇನ್ನೊಂದು ಹುಟ್ಟಿತ್ತು. ಮುಂದಿನ ಗಣೇಶನ ಹಬ್ಬದ ಹಿಂದಿನ ದಿನ ಅತ್ತೆ ಕೋಲು ಊರಿಕೊಂಡು ಹೋಗಿ ಬಂದು ನಗುನಗುತ್ತ ಹೇಳಿದರು: “ಎಕ್ಕ ಬಂದಿದೆ. ಎಷ್ಟು ಗಿಡ ಅಂತೀಯ. ನಾನು ಹೇಳ್ಲಿಲ್ವಾ, ಕ್ಲೀನ್ ಮಾಡಿದ್ರೆ ಬರತ್ತೆ ಅಂತ.”

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಅತ್ತೆಯ ಮುಂದೆ ದನಿ ಏರಿಸಿದ್ದು ಅದೇ ಮೊದಲು. ಎಕ್ಕ ಬಂದದ್ದು ಹಬ್ಬಕ್ಕಲ್ಲ, ಎಲ್ಲ ಹಾಳಾಗಿದೆ ಎಂದು ಹೇಳುವುದಕ್ಕೆ ಬಂದಿದೆ ಎಂದೆ. ಬೋಳು ನೆಲದಲ್ಲಿ ಮೊದಲು ಏಳುವುದೇ ಅದು. ಇನ್ನು ಉಮ್ಮತ್ತಿ, ಉತ್ತರಾಣಿ, ಮುಳ್ಳು, ಲಕ್ಕಿ, ಬೇವು, ಎಲ್ಲ ಮತ್ತೆ ಮೊದಲಿನಿಂದ ಬರಬೇಕು. ಇಪ್ಪತ್ತೆರಡು ವರ್ಷದ ಕೆಲಸ. ಅದನ್ನು ನೋಡಲು ನೀವೂ ಇರುವುದಿಲ್ಲ, ನಾನೂ ಇರುತ್ತೇನೋ ಇಲ್ಲವೋ.

ಅತ್ತೆ ಬುಟ್ಟಿ ಕೆಳಗಿಟ್ಟರು. “ನೀನು ಆ ಕಾಗದದಲ್ಲಿ ಬರ್ಕೊಟ್ಟಿದ್ದು ನನ್ನ ಎಕ್ಕಕ್ಕೋಸ್ಕರಾನಾ?”

“ಅದಕ್ಕೂ” ಎಂದೆ.

ಮಾರನೆಯ ದಿನ ನನ್ನ ಗಂಡ ಪೂಜೆಗೆ ಕೂತು ಎಕ್ಕದ ಹೆಸರು ಹೇಳಿದಾಗ ಅತ್ತೆ ಎಲೆ ಕೊಡಲಿಲ್ಲ. ಅಕ್ಷತೆ ಕೊಟ್ಟರು. ಅವರು ಯಾಕೆಂದು ಕೇಳಿದರು, ತಾಯಿ ಮುಂದಿನ ಹೆಸರು ಹೇಳು ಎಂದರು.

ಹಬ್ಬ ಕಳೆದ ಮೇಲೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಅಸೋಸಿಯೇಷನ್ ಮೀಟಿಂಗು ಮಾಡಿದರು. ಉಳಿದ ಅರ್ಧವನ್ನೂ ತೆಗೆಸಿ, ಮಟ್ಟಮಾಡಿ, ಕೇಸು ಮುಗಿಯುವವರೆಗೆ ವಾಕಿಂಗ್ ಟ್ರ್ಯಾಕು, ಹುಲ್ಲುಹಾಸು ಹಾಕೋಣ. ಈ ಸಲ ಇಬ್ಬರ ಸಹಿಯನ್ನೂ ಪಡೆಯೋಣ ಎಂದು ಸೆಕ್ರೆಟರಿ ಹೇಳಿದರು. ನಾನು ಎದ್ದು ನಿಂತೆ. ಆ ಪೊದೆ ಉಳಿದರೆ ಸಾಕು, ಬೋಳಾದ ಅರ್ಧಕ್ಕೆ ಬೀಜ ಅಲ್ಲಿಂದಲೇ ಹೋಗುತ್ತದೆ, ಹಕ್ಕಿ ಒಯ್ಯುತ್ತದೆ, ನಾವು ನೆಡಬೇಕಾದ್ದಿಲ್ಲ ಎಂದೆ. ನೀರಿನ ವಿಷಯ ಹೇಳಿದೆ. ಕಪ್ಪು ಮಣ್ಣಿನ ವಿಷಯ ಹೇಳಿದೆ. ಅರ್ಧ ತಮಿಳಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಕ್ಲಾಸಿನಲ್ಲಿ ಎಂದೂ ಮಾಡದಷ್ಟು ಚೆನ್ನಾಗಿ ಪಾಠ ಮಾಡಿದೆ.

“ಸರಿ ಟೀಚರ್, ಹಾಗಾದರೆ ಅಲ್ಲಿ ನಾವು ಏನು ಮಾಡಬೇಕು ಅಂತೀರಿ?” ಎಂದು ಸೆಕ್ರೆಟರಿ ಕೇಳಿದರು.

“ಏನೂ ಮಾಡಬೇಡಿ.”

ಯಾರೋ ನಕ್ಕರು. ಏನೂ ಮಾಡಬೇಡಿ ಎನ್ನುವುದನ್ನು ಠರಾವಿನ ಪುಸ್ತಕದಲ್ಲಿ ಬರೆಯುವುದು ಹೇಗೆ? ಸೆಕ್ರೆಟರಿ ಫೈಲು ತೆಗೆದರು. ಅವಮಾನ ಮಾಡುವ ಉದ್ದೇಶ ಅವರಿಗಿರಲಿಲ್ಲ, ಅದು ನನಗೆ ಗೊತ್ತು. ಹಳೆಯ ಮನವಿಯಿಂದ ನನ್ನ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು. ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲ. “ನೀಂಗ ತಾನೇ ಎಳುದಿನೀಂಗ?” ನೀವೇ ತಾನೇ ಬರೆದದ್ದು?

“ನಾನೇ. ತಪ್ಪು ಬರೆದೆ. ನೋಡದೆ ಬರೆದೆ” ಎಂದೆ.

ಇಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ಅಲ್ಲಿ ಕೂತ ಯಾರಿಗೂ ತಿಳಿಯಲಿಲ್ಲ. ಟೀಚರಿಗೆ ವಯಸ್ಸಾಯಿತು, ಮಾತು ಬದಲಿಸುತ್ತಾರೆ ಎಂಬಂತೆ ನೋಡಿದರು. ಕೈ ಎತ್ತಿಸಿದರು. ನನ್ನ ಕಡೆ ಎದ್ದದ್ದು ನನ್ನ ಕೈ, ನನ್ನ ಗಂಡನ ಕೈ. ಕಾಗದ ಅಣ್ಣನಿಗೂ ಹೋಯಿತು, ತಮ್ಮನಿಗೂ ಹೋಯಿತು. ಒಬ್ಬರು ಸಹಿ ಹಾಕುವವರೆಗೆ ಇನ್ನೊಬ್ಬರು ಹಾಕುವುದಿಲ್ಲ ಎಂದು ಇಬ್ಬರೂ ಹೇಳಿ ಕಳಿಸಿದರು. ಹೀಗೆ ಒಂದು ವರ್ಷ ಕಳೆಯಿತು. ಬೋಳು ಜಾಗದಲ್ಲಿ ಉತ್ತರಾಣಿ ಕಾಣಿಸಿಕೊಂಡಿತು.

ಕಾಡು ಉಳಿಸಿ ಎಂದು ದೊಡ್ಡ ದೊಡ್ಡ ಮಾತು ಆಡುವವರು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ದೂರದ ಬೆಟ್ಟದ ಹುಲಿಗೆ ನಮ್ಮ ಅಪಾರ್ಟ್‌ಮೆಂಟಿನವರೂ ಕಣ್ಣೀರು ಹಾಕುತ್ತಾರೆ, ಅದಕ್ಕೆ ಸ್ಟೇಟಸ್ಸು ಹಾಕುತ್ತಾರೆ. ಕಾಂಪೌಂಡಿನ ಆಚೆ ತಾನಾಗಿ, ಯಾರ ಹಂಗಿಲ್ಲದೆ ಬೆಳೆದದ್ದು ಮಾತ್ರ ಗಲೀಜು. ಹಿತ್ತಲ ಗಿಡ ಮದ್ದಲ್ಲ. ನಾವು ನೆಟ್ಟದ್ದಲ್ಲ, ನಮ್ಮ ಹೆಸರಿನ ಫಲಕ ಅದಕ್ಕಿಲ್ಲ, ಆದ್ದರಿಂದ ಅದು ಏನೂ ಅಲ್ಲ. ಹೀಗೆ ಯೋಚಿಸುವ ಜನಕ್ಕೆ ಹೇಗೆ ತಿಳಿಸುವುದೋ ನನಗೆ ಗೊತ್ತಿಲ್ಲ. ಮೂವತ್ತು ವರ್ಷ ಕಲಿಸಿದ ನನಗೇ ತಿಳಿದಿರಲಿಲ್ಲ.

ಕಳೆದ ವಾರ ಸೆಕ್ರೆಟರಿ ಲಿಫ್ಟಿನಲ್ಲಿ ಸಿಕ್ಕರು. ಮುಖ ಅರಳಿತ್ತು. ಅಣ್ಣನ ಮಗಳಿಗೆ ಮದುವೆ ಗೊತ್ತಾಗಿದೆಯಂತೆ, ತಮ್ಮ ತಾನಾಗಿ ಹೋಗಿ ಬಂದನಂತೆ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದರಂತೆ. ಇನ್ನು ಸಹಿಗೆ ತೊಂದರೆಯಿಲ್ಲ ಟೀಚರ್ ಎಂದರು. ಒಳ್ಳೆಯದಾಯಿತು ಎಂದು ಅಭ್ಯಾಸಬಲದಿಂದ ನನ್ನ ಬಾಯಿಂದ ಬಂತು. ನಾಲಗೆ ಕಚ್ಚಿಕೊಂಡೆ.

ಮೇಲೆ ಬಂದು ದೇವರ ಮುಂದೆ ದೀಪ ಹಚ್ಚಿದೆ. ಯಾರ ಮನೆಯೂ ಒಡೆಯಲಿ ಎಂದು ನಾನು ಈವರೆಗೆ ಬಯಸಿದವಳಲ್ಲ. ಅವತ್ತು ಕೈಮುಗಿದು, ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ ಬೇಡಿಕೊಂಡೆ: ಅಪ್ಪಾ, ಆ ಅಣ್ಣತಮ್ಮಂದಿರು ಇನ್ನೊಂದು ಹತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಮಾಡು.

ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮದುವೆ ಮನೆಗೆ ಕೇಡು ಬಯಸಿದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ. ಅವರು ಗೋಡೆ ಹಿಡಿದು ನಿಧಾನವಾಗಿ ಬಂದು ನನ್ನ ಪಕ್ಕದಲ್ಲಿ ನಿಂತು ಕೈಮುಗಿದರು.

“ಹತ್ತು ಸಾಲ್ದು” ಎಂದರು. “ಇಪ್ಪತ್ತು ಅಂತ ಕೇಳ್ಕೋ.”